ಕಡಿಮೆ ಆದಾಯದ ಕುಟುಂಬಗಳಲ್ಲಿ ಹಣ್ಣು, ತರಕಾರಿಗಳ ಬಳಕೆ ಹೆಚ್ಚಿಸುವುದು ಹೇಗೆ?

ವಯಸ್ಕರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆಲೂಗಡ್ಡೆ, ಗೆಣಸಿನಂತಹ ಪಿಷ್ಟಭರಿತ ಗೆಡ್ಡೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಈ ಅಂಕಿಯನ್ನು ಒಂದು ಬಡ ಕುಟುಂಬದ ಮುಂದಿಟ್ಟ ಮಾತ್ರಕ್ಕೆ ಅವರ ಊಟ ಬದಲಾಗುವುದಿಲ್ಲ. ತರಕಾರಿ ಮೈಗೆ ಒಳ್ಳೆಯದೆಂಬುದು ಅಲ್ಲಿ ಬಹುಪಾಲು ಎಲ್ಲರಿಗೂ ತಿಳಿದಿರುತ್ತದೆ. ಅವರ ಕೈ ತಡೆಯುವುದು ನಷ್ಟದ ಭಯ. ತಂದ ಸೊಪ್ಪು ಬೇಯಿಸುವ ಮೊದಲೇ ಬಾಡಿದರೆ ಅಥವಾ ಮಾಡಿದ ಪಲ್ಯವನ್ನು ಮಕ್ಕಳು ತಟ್ಟೆಯ ಅಂಚಿಗೆ ಸರಿಸಿದರೆ, ಆ ಹೊತ್ತು ಹೊಟ್ಟೆಯೂ ತುಂಬಲಿಲ್ಲ, ಹಣವೂ ಉಳಿಯಲಿಲ್ಲ. ಆದ್ದರಿಂದ ಆರೋಗ್ಯ ಕಾರ್ಯಕರ್ತರಾಗಲಿ, ಶಿಕ್ಷಕರಾಗಲಿ, ಸ್ವಯಂಸೇವಕರಾಗಲಿ, ಈ ಕೆಲಸಕ್ಕೆ ಇಳಿದವರು ಆ ನಷ್ಟದ ಒಂದು ಪಾಲನ್ನು ತಾವು ಹೊರಲು ಸಿದ್ಧರಿರಬೇಕು.

ಮೊದಲ ಭೇಟಿಯಲ್ಲಿ ಸಲಹೆ ಕೊಡಬೇಡಿ, ಕೇಳಿ ತಿಳಿದುಕೊಳ್ಳಿ. ಮನೆಯಲ್ಲಿ ಒಲೆ ಎಷ್ಟಿವೆ, ಫ್ರಿಜ್ ಇದೆಯೇ, ನೀರು ಯಾವಾಗ ಬರುತ್ತದೆ, ಅಡುಗೆ ಮಾಡುವವರು ಕೆಲಸದಿಂದ ಎಷ್ಟು ಹೊತ್ತಿಗೆ ಮರಳುತ್ತಾರೆ, ಸಂಬಳವೋ ಕೂಲಿಯೋ ಯಾವ ದಿನ ಕೈಗೆ ಬರುತ್ತದೆ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರಗಳೇ ಮುಂದಿನ ಯೋಜನೆಗೆ ಆಧಾರ. ಅವರು ಈಗ ಏನು ತಿನ್ನುತ್ತಿದ್ದಾರೆ ಎಂಬುದನ್ನು ಆಕ್ಷೇಪದ ಧ್ವನಿಯಿಲ್ಲದೆ ಕೇಳಬೇಕು. ತನ್ನ ಚೀಲದೊಳಗೆ ಇಣುಕಿ ನೋಡಿ ತಲೆಯಾಡಿಸಿದವರ ಮಾತನ್ನು ಯಾವ ತಾಯಿಯೂ ಮತ್ತೆ ಕೇಳಲು ಬರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಶ್ರಮ ಬೇಡುವುದು ಮಕ್ಕಳ ವಿಷಯ. ಹೊಸ ರುಚಿಯೊಂದನ್ನು ಮಗು ಒಪ್ಪಿಕೊಳ್ಳುವ ಮೊದಲು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಬಾರಿ ಅದನ್ನು ಬಾಯಿಗೆ ಹಾಕಿಕೊಂಡು ನೋಡಬೇಕಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಉಳ್ಳವರ ಮನೆಯಲ್ಲಿ ಅಷ್ಟು ಬಾರಿ ಬಿಟ್ಟೇಳುವ ತುತ್ತುಗಳ ಲೆಕ್ಕವನ್ನು ಯಾರೂ ಇಡುವುದಿಲ್ಲ. ಹಣದ ಬಿಕ್ಕಟ್ಟಿರುವ ಮನೆಯಲ್ಲಿ ಎರಡನೆಯ ಸಲವೇ ಆ ತರಕಾರಿಯನ್ನು ಕೊಳ್ಳುವುದು ನಿಂತುಹೋಗುತ್ತದೆ. ಇದು ತಾಯಿಯ ಅಸಡ್ಡೆಯಲ್ಲ, ವಿವೇಕ. ಹಾಗಾಗಿ ರುಚಿ ನೋಡುವ ಕೆಲಸ ಮನೆಯ ಖರ್ಚಿನಲ್ಲಿ ನಡೆಯದೆ ಶಾಲೆಯಲ್ಲೋ ಶಿಶುವಿಹಾರದಲ್ಲೋ ನಡೆಯಬೇಕು. ಒಂದೇ ತರಕಾರಿಯನ್ನು ಆಯ್ದುಕೊಂಡು, ಬೆರಳ ತುದಿಯಷ್ಟು ಚಿಕ್ಕ ತುಂಡುಗಳಾಗಿ ಹೆಚ್ಚಿ, ವಾರಕ್ಕೆ ಎರಡು ಮೂರು ಬಾರಿ ಹಲವು ವಾರ ಕೊಡಿ. ಮಗು ಮೂಸಿ ನೋಡಿ ಕೆಳಗಿಟ್ಟರೂ ಸರಿ, ನಾಲಿಗೆಗೆ ತಾಗಿಸಿ ಉಗುಳಿದರೂ ಸರಿ. ಒತ್ತಾಯ ಮಾಡಬೇಡಿ, ತಿಂದರೆ ಸಿಹಿ ಕೊಡುವೆನೆಂಬ ಆಸೆಯನ್ನೂ ತೋರಿಸಬೇಡಿ. ಬಡಿಸುವವರು ತಾವೂ ಅದೇ ತುಂಡನ್ನು ಮಕ್ಕಳೆದುರು ತಿನ್ನುವುದು ಯಾವ ಉಪದೇಶಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಮಗು ಒಪ್ಪಿದ ಮೇಲೆ ಮನೆಯವರಿಗೆ ತಿಳಿಸಿ; ಆಗ ಅವರು ಧೈರ್ಯವಾಗಿ ಕೊಳ್ಳುತ್ತಾರೆ.

ಅಡುಗೆಯ ಪ್ರಾತ್ಯಕ್ಷಿಕೆ ಏರ್ಪಡಿಸುವುದಾದರೆ ಒಂದು ಒಲೆ, ಒಂದು ಪಾತ್ರೆ, ಒಂದು ಚಾಕು ಇಷ್ಟರಲ್ಲೇ ಮುಗಿಯುವಂತಿರಲಿ. ಆ ಮನೆಗಳಲ್ಲಿ ಇಲ್ಲದ ಒಂದೇ ಒಂದು ಸಾಮಗ್ರಿ ಸೇರಿಕೊಂಡರೂ ನೋಡುವವರು ಇದು ನಮಗಲ್ಲ ಎಂದುಕೊಳ್ಳುತ್ತಾರೆ. ಹೊಸ ಖಾದ್ಯ ಕಲಿಸುವುದಕ್ಕಿಂತ, ಅವರು ದಿನವೂ ಮಾಡುವ ಬೇಳೆಗೋ ಧಾನ್ಯದ ಅಡುಗೆಗೋ ಒಂದು ಹಿಡಿ ಹೆಚ್ಚಿದ ಕ್ಯಾರೆಟ್ ಅಥವಾ ಸೊಪ್ಪು ಸೇರಿಸಿ ತೋರಿಸುವುದು ಮೇಲು. ಸ್ವಲ್ಪವೇ ನೀರು ಹಾಕಿ, ಮುಚ್ಚಳ ಮುಚ್ಚಿ, ಹದವಾಗಿ ಬೇಯಿಸಲು ಹೇಳಿ. ಸಿ ಜೀವಸತ್ವ ಮತ್ತು ಫೋಲೇಟ್ ಎಂಬ ಬಿ ಜೀವಸತ್ವ ನೀರಿನಲ್ಲಿ ಕರಗುವುದರಿಂದ ಬೆಂದ ನೀರನ್ನು ಚೆಲ್ಲದೆ ಅಡುಗೆಗೇ ಬಳಸಬೇಕು. ಕ್ಯಾರೆಟ್, ಕುಂಬಳ, ಹಸಿರು ಸೊಪ್ಪುಗಳಲ್ಲಿರುವ, ದೇಹವು ಎ ಜೀವಸತ್ವವಾಗಿ ಬದಲಿಸಿಕೊಳ್ಳುವ ಕೆರೋಟಿನ್ ದೇಹಕ್ಕೆ ಹತ್ತಲು ಒಂದಿಷ್ಟು ಎಣ್ಣೆ ಬೇಕು. ಪ್ರಾತ್ಯಕ್ಷಿಕೆ ಮುಗಿದಾಗ ಅದೇ ತರಕಾರಿಯನ್ನು ಒಂದು ಹೊತ್ತಿನ ಅಡುಗೆಗೆ ಆಗುವಷ್ಟು ಪ್ರತಿಯೊಬ್ಬರ ಕೈಗೂ ಕೊಟ್ಟು ಕಳುಹಿಸಿ.

ಫ್ರಿಜ್ ಇಲ್ಲದ ಮನೆಯವರಿಗೆ ಯಾವುದನ್ನು ಮೊದಲು ಬಳಸಬೇಕೆಂದು ಹೇಳಿಕೊಡುವುದು ತುಂಬ ಉಪಯುಕ್ತ. ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಾದ ಕಡೆ ಇಟ್ಟು, ತಂದ ದಿನ ಇಲ್ಲವೇ ಮರುದಿನ ಬಳಸಬೇಕು. ಎಲೆಕೋಸು, ಈರುಳ್ಳಿ, ಇಡಿಯಾದ ಕುಂಬಳ ನಂತರದ ದಿನಗಳಿಗೆ ಇರಲಿ. ಕ್ಯಾರೆಟ್, ಬೀಟ್‌ರೂಟ್‌ಗಳ ಎಲೆಗಳು ಗೆಡ್ಡೆಯ ನೀರನ್ನು ಹೀರಿಕೊಳ್ಳುವುದರಿಂದ ಅವನ್ನು ತಂದ ಕೂಡಲೇ ಕತ್ತರಿಸಿ ಬೇರೆ ಮಾಡಬೇಕು. ಮಾಗಿದ ಬಾಳೆಹಣ್ಣು, ಟೊಮೆಟೊಗಳಿಂದ ಹೊರಡುವ ಎಥಿಲೀನ್ ಅನಿಲ ಪಕ್ಕದಲ್ಲಿರುವ ಸೊಪ್ಪನ್ನು ಬೇಗ ಹಳದಿಯಾಗಿಸುತ್ತದೆ. ಅವನ್ನು ದೂರ ಇಡಬೇಕು. ಶೈತ್ಯೀಕರಿಸಿದ (ಫ್ರೋಜನ್) ತರಕಾರಿ ಅಗ್ಗವಾಗಿ ಸಿಗುವ ಕಡೆ, ಇಟ್ಟುಕೊಳ್ಳುವ ಅನುಕೂಲವೂ ಇದ್ದರೆ, ಅದನ್ನು ಕೀಳೆಂದು ಭಾವಿಸಬೇಕಿಲ್ಲ; ಕೊಯ್ಲಾದ ಸ್ವಲ್ಪ ಹೊತ್ತಿನಲ್ಲೇ ಶೈತ್ಯೀಕರಿಸುವುದರಿಂದ ಪೋಷಕಾಂಶಗಳು ಬಹುಮಟ್ಟಿಗೆ ಉಳಿದಿರುತ್ತವೆ. ಡಬ್ಬಿಯ ತರಕಾರಿಯನ್ನು ತೊಳೆದು ಬಳಸಿದರೆ ಉಪ್ಪಿನಂಶ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಬೆಲೆ ಎಟುಕದಿದ್ದರೆ ತಿಳಿವಳಿಕೆ ಮಾತ್ರ ಸಾಲದು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹ್ಯಾಂಪ್ಡೆನ್ ಕೌಂಟಿಯಲ್ಲಿ 2011-12ರಲ್ಲಿ ಸರ್ಕಾರದ ಆಹಾರ ನೆರವು ಪಡೆಯುತ್ತಿದ್ದ 7,500 ಕುಟುಂಬಗಳಿಗೆ, ಹಣ್ಣು, ತರಕಾರಿಗೆ ಖರ್ಚು ಮಾಡಿದ ಹಣದಲ್ಲಿ ಶೇ. 30ರಷ್ಟನ್ನು ಅವರ ನೆರವಿನ ಖಾತೆಗೇ ಮರಳಿಸಲಾಯಿತು. ಈ ಸೌಲಭ್ಯ ಇಲ್ಲದವರಿಗೆ ಹೋಲಿಸಿದರೆ ಅವರು ಆ ಹಣ್ಣು, ತರಕಾರಿಗಳನ್ನು ಶೇ. 26ರಷ್ಟು ಹೆಚ್ಚು ತಿಂದರು. ಸಂಘಸಂಸ್ಥೆಗಳು ಇಂಥ ರಿಯಾಯಿತಿ ಯೋಜಿಸುವಾಗ ಅದು ಬಿಲ್ ಮಾಡುವ ಹೊತ್ತಿನಲ್ಲೇ, ಅರ್ಜಿ ರಸೀದಿಗಳ ಅಲೆದಾಟವಿಲ್ಲದೆ ಸಿಗಬೇಕು. ಕೂಲಿ ಅಥವಾ ಸಂಬಳ ಬರುವ ಮುಂಚಿನ ದಿನಗಳಲ್ಲಿ ಕೈ ಬರಿದಾಗಿರುತ್ತದೆ. ಕೂಪನ್‌ಗಳನ್ನೂ ತರಕಾರಿ ಹಂಚಿಕೆಯನ್ನೂ ಆ ದಿನಗಳಿಗೆ ಹೊಂದಿಸಿಕೊಳ್ಳಿ. ನಾಲ್ಕಾರು ಮನೆಯವರು ಕೂಡಿ ಸಗಟಾಗಿ ಕೊಂಡು ಹಂಚಿಕೊಳ್ಳುವುದೂ ಒಳ್ಳೆಯ ದಾರಿಯೇ, ಆದರೆ ತರುವ ಮತ್ತು ಪಾಲು ಮಾಡುವ ಹೊಣೆಯನ್ನು ಒಬ್ಬರ ತಲೆಗೇ ಕಟ್ಟಬಾರದು.

ಕೆಲಸ ಫಲಿಸಿದೆಯೇ ಎಂದು ತಿಳಿಯಲು ಸಭೆಗೆ ಬಂದವರ ತಲೆ ಎಣಿಸಬೇಡಿ. ಎರಡು ಮೂರು ತಿಂಗಳ ನಂತರ ಮತ್ತೆ ಮನೆಗಳಿಗೆ ಹೋಗಿ, ಈ ವಾರ ತಮ್ಮ ಸ್ವಂತ ಹಣದಲ್ಲಿ ಯಾವ ತರಕಾರಿ ಕೊಂಡರು, ಅದರಲ್ಲಿ ಎಷ್ಟು ಹಾಳಾಯಿತು ಎಂಬ ಎರಡು ಪ್ರಶ್ನೆ ಕೇಳಿ. ಹಾಳಾದ ಪ್ರಮಾಣ ಹೆಚ್ಚಿದ್ದರೆ ಶೇಖರಣೆಯ ಪಾಠವನ್ನು ಮತ್ತೆ ಮಾಡಿ. ಏನನ್ನೂ ಕೊಂಡಿಲ್ಲವೆಂದಾದರೆ, ಅಡ್ಡ ಬಂದದ್ದು ಬೆಲೆಯೋ ರುಚಿಯೋ ಸಮಯವೋ ಎಂದು ಅವರಿಂದಲೇ ಕೇಳಿ ತಿಳಿದು ಅಲ್ಲಿಂದ ಮುಂದುವರಿಯಿರಿ.