ಮೂರನೇ ಚಳಿಗಾಲಕ್ಕೆ ಲೆಕ್ಕ ಕೂಡಿತು

ಮಾರ್ಚ್ ಕೊನೆಯ ಶನಿವಾರ ನೀರು 8 ಡಿಗ್ರಿ ಆಸುಪಾಸು ಇತ್ತು. ದಕ್ಷಿಣ ಲಂಡನ್ನಿನ ಟೂಟಿಂಗ್ ಬೆಕ್ ಲಿಡೋ ಅನ್ನುವ ಬಯಲು ಈಜುಕೊಳದಲ್ಲಿ 372ನೇ ಸುತ್ತು ಮುಗಿಸಿ ಮೆಟ್ಟಿಲು ಹತ್ತಿದೆ. ಇಂಗ್ಲೆಂಡಿನ ಡೋವರ್‌ನಿಂದ ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸ್ ದಡಕ್ಕೆ ಸುಮಾರು 34 ಕಿ.ಮೀ. ಅಷ್ಟು ದೂರವನ್ನು ಬಿಸಿ ಮಾಡದ ಈ ಕೊಳದಲ್ಲೇ, ಅಕ್ಟೋಬರ್‌ನಿಂದ ಮಾರ್ಚ್ ಒಳಗೆ, ಬರೀ ಚಡ್ಡಿಯಲ್ಲಿ ಈಜಿ ಮುಗಿಸುವುದು ನನಗೆ ನಾನೇ ಹಾಕಿಕೊಂಡ ಪಂಥ. 1875ರಲ್ಲಿ ಮ್ಯಾಥ್ಯೂ ವೆಬ್ ಅನ್ನುವ ಈಜುಗಾರ ಆ ಕಡಲನ್ನು 21 ಮುಕ್ಕಾಲು ಗಂಟೆಯಲ್ಲಿ ಈಜಿ ದಾಟಿದ. ನನಗೆ ಆರು ತಿಂಗಳು ಬೇಕಾಯಿತು. ನಗುವವರು ಜನವರಿಯಲ್ಲಿ ಒಂದು ಸಲ ಇಳಿದು ಆಮೇಲೆ ನಗಲಿ.

ಕೊಳದ ಉದ್ದ 100 ಗಜ, ಅಂದರೆ 91 ಮೀಟರ್ ಚಿಲ್ಲರೆ. ಈ ತುದಿಯಿಂದ ಆ ತುದಿಗೆ ಹೋದರೆ ನನ್ನ ಲೆಕ್ಕದಲ್ಲಿ ಒಂದು ಸುತ್ತು. ವಾರಕ್ಕೆ ಮೂರು ದಿನ ಹೋದರೆ ದಿನಕ್ಕೆ ಐದು ಸುತ್ತು ಸಾಕು ಅಂತ ಮೊದಲ ವರ್ಷ ಲೆಕ್ಕ ಹಾಕಿದ್ದೆ. ಕಾಗದದ ಮೇಲೆ ಚೆಂದ. ಜನವರಿ ನಡುವಿಗೆ ನೀರು 3 ಡಿಗ್ರಿಗೆ ಬಂತು. ಹಟಕ್ಕೆ ಐದೂ ಸುತ್ತು ಹೊಡೆದೆ, ಹನ್ನೆರಡು ನಿಮಿಷ ಆಗಿರಬಹುದು. ನೀರಲ್ಲಿ ಏನೂ ಆಗಲಿಲ್ಲ. ಹೊರಗೆ ಬಂದು ಹತ್ತು ನಿಮಿಷಕ್ಕೆ ನಡುಕ ಶುರು. ಅಂಗಿಯ ಗುಂಡಿ ಬೆರಳಿಗೆ ಸಿಗುತ್ತಿಲ್ಲ, ಕೈ ಅನ್ನುವುದು ಮರದ ಸೌಟು. ಚಹಾ ಅರ್ಧ ಕುಡಿದೆ, ಅರ್ಧ ತೊಡೆ ಮೇಲೆ ಚೆಲ್ಲಿತು. ಸುಟ್ಟಿದ್ದು ಗೊತ್ತಾದದ್ದು ಸಂಜೆ. ಮನೆಗೆ ಬಂದು ಬಿಸಿನೀರಿನ ಷವರ್ ಕೆಳಗೆ ನಿಂತವನು ಕಣ್ಣು ಕತ್ತಲಿಟ್ಟು ಕುಸಿದೆ. 225ನೇ ಸುತ್ತಿನ ಹತ್ತಿರ ಆ ವರ್ಷದ ಆಟ ಬಂದ್.

ಎರಡನೇ ವರ್ಷದ್ದು ದುಡ್ಡಿನ ಕತೆ. ಮೈಗೆ ಅಂಟುವ ರಬ್ಬರಿನ ಈಜುಡುಪು, ಹಳೆಯ ವೆಟ್‌ಸೂಟ್ ಒಂದು, 60 ಪೌಂಡಿಗೆ, ಕೈಗವಸು, ಕಾಲುಚೀಲ ಸೇರಿ ಇನ್ನೊಂದು 50. ಸೂಟು ಕಂಕುಳಲ್ಲಿ ಬಿಗಿ, ಕುತ್ತಿಗೆ ಸುತ್ತ ಚರ್ಮ ಕಿತ್ತು ಕೆಂಪಾಯಿತು. ಅಷ್ಟಾಗಿ, ಸೂಟು ತೊಟ್ಟು ಈಜಿದ್ದನ್ನು ಕಾಲುವೆ ದಾಟುವವರು ಚಡ್ಡಿಯಲ್ಲಿ ಈಜಿದ್ದರ ಸಮಕ್ಕೆ ಹಿಡಿಯುವುದಿಲ್ಲ. ಡಿಸೆಂಬರ್‌ನಲ್ಲಿ 35 ಪೌಂಡಿಗೆ ಮಾರಿ ಕೈ ತೊಳೆದುಕೊಂಡೆ. ಊರಿಗೆ ಫೋನ್ ಮಾಡಿದರೆ ಅಮ್ಮ, "ಮಳ್ಳು ಹಿಡದ್ದನ ತಮಾ ನಿಂಗೆ?" ಅಂದಳು. ಶಿರಸಿಯ ತೋಟದ ಕೆರೆಯಲ್ಲಿ ಬಾಳೆದಿಂಡು ಕಟ್ಟಿ ಈಜು ಕಲಿಸಿದವಳು ಅವಳೇ.

ಮೂರನೇ ವರ್ಷ ಸಮಪಾಲಿನ ಲೆಕ್ಕವನ್ನೇ ಬಿಟ್ಟೆ. ಮಗುವಿನ ಸ್ನಾನದ ಥರ್ಮಾಮೀಟರ್ ಒಂದನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಅದು ಹೇಳಿದಷ್ಟೇ ಈಜು. ಅಕ್ಟೋಬರ್‌ನಲ್ಲಿ 14 ಡಿಗ್ರಿ ಇರುವಾಗಲೇ ದಿನಕ್ಕೆ ಹನ್ನೆರಡು ಸುತ್ತು. ಆ ಒಂದೇ ತಿಂಗಳಲ್ಲಿ 150 ದಾಟಿತು. ನವೆಂಬರ್‌ನಲ್ಲಿ ಆರು, ಡಿಸೆಂಬರ್‌ನಲ್ಲಿ ನಾಲ್ಕು, ಜನವರಿಯಲ್ಲಿ ಬರೀ ಎರಡು. "ಮೊದಲೇ ಸುಸ್ತಾಗಿ ಬಿದ್ದುಹೋಗ್ತೀಯ" ಅಂತ ಜೊತೆ ಈಜುವ ಹಿರಿಯರೊಬ್ಬರು ಎಚ್ಚರಿಸಿದ್ದರು. ಜನವರಿಯಲ್ಲಿ ನಾನು ಎರಡು ಸುತ್ತಿಗೇ ಎದ್ದು ಹೊರಟಾಗ "ಸೋಮಾರಿ" ಅಂದದ್ದೂ ಅವರೇ. ಆ ಎರಡರಲ್ಲಿ ಎರಡನೆಯದನ್ನು ಹೇಗೆ ಈಜುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಬಂದು ನೋಡಿ.

ನಡುನಡುವೆ ಪ್ರಯೋಗಗಳೂ ಆದವು. ಮೈಗೆ ಕೊಬ್ಬರಿ ಎಣ್ಣೆ ಹಚ್ಚಲು ಹೋದೆ. ಇಲ್ಲಿಯ ಚಳಿಗೆ ಅದು ಡಬ್ಬಿಯಲ್ಲೇ ಕಲ್ಲು, ಚಮಚದಲ್ಲಿ ಕೆರೆದು ತೆಗೆಯಬೇಕು. ಬೆಚ್ಚಗಾಗುವುದಂತೂ ಸುಳ್ಳು. ಉಜ್ಜುವ ಜಾಗಕ್ಕೆ ವ್ಯಾಸಲಿನ್ನೇ ಸರಿ. ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ತಂದೆ, ಹೊಟ್ಟೆ ಉರಿ. ರಾಗಿ ಗಂಜಿ ಗೆದ್ದಿತು: ತೆಳ್ಳಗೆ, ಬೆಲ್ಲ ಹಾಕಿ, ಎರಡು ಕೈಯಲ್ಲೂ ಲೋಟ ಹಿಡಿದು ಕುಡಿಯುವಷ್ಟೇ ಬಿಸಿ. ಕಿವಿಗೆ ಮೇಣದ ಬಿರಡೆ ಹಾಕಿದ ಮೇಲೆ ತಲೆ ತಿರುಗುವುದು ನಿಂತಿತು. ಇದು ಮೊದಲ ವರ್ಷವೇ ಹೊಳೆಯಬೇಕಿತ್ತು.

ಎಲ್ಲರೂ 150 ಪೌಂಡಿನ ದೊಡ್ಡ ನಿಲುವಂಗಿ ಹಾಕುತ್ತಾರೆ. ನಾನು ಊರಿಂದ ಚಳ್ಳಕೆರೆ ಕಂಬಳಿ ತಂದೆ. ಸೂಟ್‌ಕೇಸ್‌ನಲ್ಲಿ ಎರಡೂವರೆ ಕಿಲೋ ಅದೇ ನುಂಗಿತು, ಉಪ್ಪಿನಕಾಯಿ ಅಲ್ಲೇ ಉಳಿಯಿತು. ಕೊಳದ ಅಂಚಿನ ಬಣ್ಣಬಣ್ಣದ ಬಾಗಿಲಿನ ಗೂಡಿಗೆ ನುಗ್ಗಿ, ಒದ್ದೆ ಚಡ್ಡಿ ಕಿತ್ತೆಸೆದು, ಮೊದಲು ಕಂಬಳಿ, ಆಮೇಲೆ ಟೋಪಿ, ಆಮೇಲೆ ಮಿಕ್ಕಿದ್ದು. ಗುಂಡಿ ಇಲ್ಲ, ಲೇಸ್ ಇಲ್ಲ. ಎಲ್ಲ ಎಳೆದುಕೊಳ್ಳುವ ಬಟ್ಟೆ, ಮೊದಲು ಬೇಕಾದದ್ದು ಚೀಲದಲ್ಲಿ ಮೇಲೆ. ಷವರ್ ಒಂದು ಗಂಟೆ ಕಳೆದ ಮೇಲೆ. ಮತ್ತೆ, ಒಬ್ಬನೇ ಯಾವತ್ತೂ ಇಳಿದಿಲ್ಲ.

ಫೆಬ್ರವರಿಯಲ್ಲಿ ಪುಸ್ತಕಕ್ಕೆ ನೀರು ಬಿದ್ದು ಎರಡು ದಿನದ ಲೆಕ್ಕ ಅಳಿಸಿಹೋಗಿತ್ತು. ಆರು ಸುತ್ತು ಇತ್ತೋ ನಾಲ್ಕೋ ನೆನಪಿಲ್ಲ. ಅದಕ್ಕೇ ಆ ಶನಿವಾರ 372 ಆದ ಮೇಲೂ ಮತ್ತೆ ಇಳಿದು ಎರಡು ಜಾಸ್ತಿ ಹೊಡೆದೆ. ಈಗ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ಮುಂದಿನ ಅಕ್ಟೋಬರ್ ಒಳಗೆ ಕಂಬಳಿ ಒಗೆಯಬೇಕು. ನೆನೆದ ಕುರಿಯ ವಾಸನೆಗೆ ಬಸ್ಸಿನಲ್ಲಿ ಪಕ್ಕದ ಸೀಟು ಯಾವಾಗಲೂ ಖಾಲಿ.