ಆನೆಗೊಂದಿಗೆ ಬಂದು ನೆಲೆಸುವಾಗ ನಾನು ನೋಡಿಕೊಂಡಿದ್ದು

ಮೈಸೂರು ಬಿಟ್ಟು, ಹಂಪಿಯಿಂದ ತುಂಗಭದ್ರಾ ಹೊಳೆಯಾಚೆ ಇರುವ ಆನೆಗೊಂದಿಗೆ ಹೋಗಿ ಒಂದು ಹೋಂಸ್ಟೇ ನಡೆಸುತ್ತೇನೆ ಎಂದಾಗ ಎಲ್ಲರೂ ಕೇಳಿದ್ದು ಒಂದೇ, "ಅಲ್ಲಿ ಹೆಂಗಸರಿಗೆ ಸೇಫಾ?" ಕೇಳಿದ್ದರಲ್ಲಿ ತಪ್ಪಿಲ್ಲ. 2025ರ ಮಾರ್ಚ್‌ನಲ್ಲಿ ಪಕ್ಕದ ಸಾಣಾಪುರದ ಕಾಲುವೆ ಬಳಿ ರಾತ್ರಿ ಹೊತ್ತು ಕೂತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆದಿತ್ತು. ಇಬ್ಬರು ಹೆಂಗಸರ ಮೇಲೆ ಅತ್ಯಾಚಾರವಾಯಿತು. ಕಾಲುವೆಗೆ ದೂಡಿದ ಯುವಕನೊಬ್ಬ ಸತ್ತ. ಆ ಇಬ್ಬರು ಹೆಂಗಸರಲ್ಲಿ ಒಬ್ಬರು ಹೋಂಸ್ಟೇ ನಡೆಸುತ್ತಿದ್ದವರು. ಅಂದರೆ ನಾನು ಮಾಡಹೊರಟ ಕೆಲಸವೇ.

ಹಾಗಾಗಿ ಮೊದಲು ಮನೆ ಹುಡುಕಲಿಲ್ಲ, ಜಾಗ ಅರ್ಥ ಮಾಡಿಕೊಂಡೆ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಹಂಪಿ ಎದುರು ಹೊಳೆಯಲ್ಲಿರುವ ನಡುಗಡ್ಡೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಕೆಡವಿದರು. ಹಂಪಿ ನೋಡಿ ಹೊಳೆಯ ಈಚೆ ಉಳಿಯುವವರಿಗೆ ಈಗ ಸಾಣಾಪುರ, ಆನೆಗೊಂದಿ ಕಡೆಯೇ ಗತಿ. ಇಲ್ಲಿ ಎಷ್ಟೋ ಕೋಣೆಗಳು ಗದ್ದೆ ನಡುವೆ, ಬಂಡೆ ಮಗ್ಗುಲಲ್ಲಿ ಇವೆ. ನೋಡಲು ಬಹಳ ಚೆಂದ. ಆದರೆ ಕೂಗಿದರೆ ಓಗೊಡಲು ಒಂದು ಮನೆಯೂ ಇಲ್ಲ. ನಾನು ಊರೊಳಗಿನ ಓಣಿಯಲ್ಲೇ ಹಳೇ ಮನೆ ಬಾಡಿಗೆಗೆ ಹಿಡಿದೆ. ಬಾಡಿಗೆ ಸ್ವಲ್ಪ ಜಾಸ್ತಿ, ನೋಟವೂ ಇಲ್ಲ. ಆದರೆ ಎದುರಿನ ಕಟ್ಟೆಯ ಮೇಲೆ ರಾತ್ರಿ ಊಟದವರೆಗೂ ಜನ ಕೂತಿರುತ್ತಾರೆ. ಕ್ಯಾಮೆರಾಕ್ಕಿಂತ ನಾನು ಆ ಕಟ್ಟೆಯನ್ನೇ ಹೆಚ್ಚು ನಂಬುತ್ತೇನೆ.

ಆಮೇಲೆ ಗಂಗಾವತಿ ಗ್ರಾಮೀಣ ಠಾಣೆಗೆ ಹೋಗಿ, ಯಾರು, ಎಲ್ಲಿಂದ ಬಂದೆ, ಏನು ಮಾಡುತ್ತೇನೆ ಎಂದು ಹೇಳಿ ಬಂದೆ. ನಮ್ಮ ಬೀಟ್ ಪೊಲೀಸರ ನಂಬರ್ ತೆಗೆದುಕೊಂಡೆ. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರದ ಸರ್ಕಾರಿ ಫಾರಂ ಆನ್‌ಲೈನ್‌ನಲ್ಲಿ ತುಂಬಬೇಕು. ಇದನ್ನು ಸುಮ್ನೆ ಕಾಟ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾರಾದರೂ ಕಾಣೆಯಾದರೆ ಹುಡುಕಾಟ ಶುರುವಾಗುವುದೇ ಆ ಕಾಗದದಿಂದ ಅಲ್ವಾ? ನಮ್ಮ ದೇಶದವರಾದರೂ ಗುರುತಿನ ಚೀಟಿ ನೋಡದೆ ಕೋಣೆಯ ಕೀಲಿ ಕೊಡುವುದಿಲ್ಲ.

ಅತಿ ಹೆಚ್ಚು ಕಲಿತದ್ದು ಪಕ್ಕದ ಮನೆಯ ಅಜ್ಜಿಯಿಂದ. "ಹೊತ್ತು ಮುಳುಗಿದ ಮ್ಯಾಲ ಕಾಲುವಿ ಕಡಿ ಹೋಗಬ್ಯಾಡ್ರಿ ಅಕ್ಕಾರ. ನಾವೂ ಹೋಗಂಗಿಲ್ಲ," ಅಂದರು. ಊರಿನ ಹೆಂಗಸರು ಯಾವ ದಾರಿ ಹಿಡಿಯುತ್ತಾರೆ, ಎಷ್ಟು ಹೊತ್ತಿಗೆ ಗುಂಪಾಗಿ ಹೊರಡುತ್ತಾರೆ ಎಂದು ಗಮನಿಸಿದೆ. ಅದೇ ನನ್ನ ನಕ್ಷೆ ಆಯಿತು. ಸಂಜೆಯ ನಂತರ ಎಡದಂಡೆ ಕಾಲುವೆ, ಕೆರೆ, ಗುಡ್ಡ ಯಾವುದಕ್ಕೂ ಅತಿಥಿಗಳನ್ನು ಕರೆದುಕೊಂಡು ಹೋಗುವುದಿಲ್ಲ. ಅವರಾಗಿ ಹೊರಟರೂ ತಡೆಯುತ್ತೇನೆ. ನಕ್ಷತ್ರ ನೋಡಬೇಕೆಂದರೆ ನಮ್ಮ ಮಾಳಿಗೆ ಇದೆ. ಕೆಲವರಿಗೆ ಬೇಸರವಾಗುತ್ತದೆ, ಆಗಲಿ. ಗುಡ್ಡದಲ್ಲಿ ಚಿರತೆ ಇರುವುದೂ ಸುಳ್ಳಲ್ಲ.

ಅಪಾಯ ಎಂದರೆ ಕಳ್ಳರು, ಪುಂಡರು ಮಾತ್ರ ಎಂದು ಹೊರಗಿನಿಂದ ಬಂದವರು ತಿಳಿಯುತ್ತಾರೆ. ಇಲ್ಲಿ ನೀರೂ ಜೀವ ತೆಗೆಯುತ್ತದೆ. ಬಂಡೆ ಮೇಲಿಂದ ಹೊಳೆಗೆ ಜಿಗಿದು 2025ರ ಫೆಬ್ರವರಿಯಲ್ಲಿ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಇದೇ ಭಾಗದಲ್ಲಿ ಕೊಚ್ಚಿಹೋದರು. ಮೇಲೆ ತುಂಗಭದ್ರಾ ಅಣೆಕಟ್ಟೆ ಇದೆ. ಗೇಟು ತೆರೆದರೆ ಹೊಳೆ ಏರುತ್ತದೆ. ಬಂಡೆಗಳ ಸಂದಿನ ಸೆಳವು ಮೇಲಿನಿಂದ ಕಾಣುವುದಿಲ್ಲ. ತೆಪ್ಪದವರು ಬೇಡ ಎಂದ ದಿನ ನಮ್ಮ ಮನೆಯಿಂದ ಯಾರೂ ನೀರಿಗಿಳಿಯುವುದಿಲ್ಲ.

ಮಗಳು ಗಂಗಾವತಿಗೆ ಕಾಲೇಜಿಗೆ ಹೋಗಿ ಬರುತ್ತಾಳೆ. ಬಸ್ಸು ಹತ್ತಿದಾಗ ಒಂದು ಕರೆ, ಇಳಿದಾಗ ಒಂದು ಕರೆ. ಅವಳ ಫೋನಿನಲ್ಲೂ ಅತಿಥಿಗಳ ಕೋಣೆಯ ಗೋಡೆಯಲ್ಲೂ ತುರ್ತು ಸಹಾಯದ ನಂಬರ್ 112 ಇದೆ. ಅದರ ಕೆಳಗೆ ನನ್ನ ನಂಬರ್, ಪಕ್ಕದ ಮನೆಯವರ ನಂಬರ್. ಬಂಡೆಗಳ ನಡುವೆ ಸಿಗ್ನಲ್ ಹೋಗುತ್ತದೆ. ಅದಕ್ಕೇ ಅತಿಥಿಗಳು ಹೊರಡುವ ಮುಂಚೆ ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ಬಾಗಿಲ ಪಕ್ಕದ ಪುಸ್ತಕದಲ್ಲಿ ಬರೆಯಬೇಕು. ಹೇಳಿದ ಹೊತ್ತಿಗೆ ಬರದಿದ್ದರೆ ನಾನು ಕಾಯುವುದಿಲ್ಲ, ಊರಿನ ಹುಡುಗರನ್ನು ಕರೆದು ಹುಡುಕಲು ಹೊರಡುತ್ತೇನೆ.