ಟೊರಾಂಟೊಗೆ ಹೊಸಬರೇ? ಎಲೆ ಉದುರೋ ಮೊದಲು ಒಂದಿಷ್ಟು ಓಡಾಡಿ

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ ಬಂದಿಳಿಯುವ ಕುಟುಂಬಗಳಿಗೆ ಮೊದಲೆರಡು ತಿಂಗಳು ಪುರುಸೊತ್ತೇ ಇರುವುದಿಲ್ಲ. ಮನೆ ಹುಡುಕಬೇಕು, ಮಕ್ಕಳಿಗೆ ಸ್ಕೂಲ್ ಆಗಬೇಕು, ಹೆಲ್ತ್ ಕಾರ್ಡ್, ಬ್ಯಾಂಕ್ ಕೆಲಸ ಮುಗಿಸಬೇಕು. ಅಷ್ಟರಲ್ಲಿ ನವೆಂಬರ್ ಬಂದು ಮರಗಳು ಬೋಳಾಗಿರುತ್ತವೆ. ಆಮೇಲೆ ಚಳಿ. ಅದಕ್ಕೇ ಸಂಘದ ಪರವಾಗಿ ಒಂದು ಮಾತು: ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಮೊದಲ ವಾರದವರೆಗಿನ ಶನಿವಾರ, ಭಾನುವಾರಗಳನ್ನು ಬಿಡಬೇಡಿ. ಕಾರು ಇಲ್ಲದಿದ್ದರೂ ಪರವಾಗಿಲ್ಲ. ಕೆಳಗೆ ಹೋಗಿ ಅಂತ ಹೇಳಿರುವ ಜಾಗಗಳಿಗೆಲ್ಲ ಪ್ರವೇಶ ಉಚಿತ. 12 ವರ್ಷದವರೆಗಿನ ಮಕ್ಕಳಿಗೆ ಟಿಟಿಸಿ (ಟೊರಾಂಟೊದ ಸಾರಿಗೆ ಸಂಸ್ಥೆ) ಬಸ್, ಸಬ್‌ವೇ ಕೂಡ ಫ್ರೀ.

ಮೊದಲು ಸಾಲ್ಮನ್ ನೋಡಿ

ಒಂದೇ ಒಂದು ಕಡೆ ಹೋಗಲು ಆಗುವುದು ಅನ್ನುವವರು ಹಂಬರ್ ನದಿಗೆ ಹೋಗಿ. ಸಬ್‌ವೇ ಲೈನ್ 2ರಲ್ಲಿ ಓಲ್ಡ್ ಮಿಲ್ ಸ್ಟೇಷನ್‌ನಲ್ಲಿ ಇಳಿದು ಇಳಿಜಾರಿನಲ್ಲಿ ನಡೆದರೆ ಹಳೆಯ ಕಲ್ಲಿನ ಸೇತುವೆ ಸಿಗುತ್ತದೆ. ಅಲ್ಲಿಂದ ನದಿ ಹರಿದು ಬರುವ ದಿಕ್ಕಿಗೆ, ಅಂದರೆ ಉತ್ತರಕ್ಕೆ, ಎಟಿಯೆನ್ ಬ್ರೂಲೆ ಪಾರ್ಕಿನ ದಾರಿಯಲ್ಲಿ ಹೋಗಿ. ದಾರಿಯುದ್ದಕ್ಕೂ ನದಿಗೆ ಅಡ್ಡಲಾಗಿ ಗಿಡ್ಡ ಕಟ್ಟೆಗಳಿವೆ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್‌ವರೆಗೆ ಚಿನೂಕ್ ಸಾಲ್ಮನ್ ಮೀನುಗಳು ಮೊಟ್ಟೆ ಇಡಲು ಲೇಕ್ ಒಂಟಾರಿಯೊದಿಂದ ಮೇಲಕ್ಕೆ ಈಜುತ್ತಾ ಬಂದು ಈ ಕಟ್ಟೆಗಳನ್ನು ಹಾರುತ್ತವೆ.

ಮಳೆ ಬಂದು ಒಂದೆರಡು ದಿನ ಆದ ಮೇಲೆ ಹೋಗಿ. ಆಗ ನೀರು ಏರಿರುತ್ತದೆ, ಮೀನುಗಳು ಜಾಸ್ತಿ. ಕಟ್ಟೆಯ ಹತ್ತಿರ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ನೊರೆಯ ಕೆಳಗೆ ಒಂದು ಕಪ್ಪು ಬೆನ್ನು ಅಲುಗುತ್ತದೆ. ಇದ್ದಕ್ಕಿದ್ದಂತೆ ಮೊಳಕ್ಕಿಂತ ಉದ್ದದ ಮೀನು ನೀರಿನಿಂದ ಎದ್ದು ಕಾಂಕ್ರೀಟಿಗೆ ಬಡಿದು ಹಿಂದಕ್ಕೆ ಬೀಳುತ್ತದೆ. ಮತ್ತೆ ಹಾರುತ್ತದೆ. ಹತ್ತಿದಾಗ ದಡದಲ್ಲಿ ನಿಂತ ಅಪರಿಚಿತರೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟುತ್ತಾರೆ. ಮಕ್ಕಳನ್ನು ಅಲ್ಲಿಂದ ಹೊರಡಿಸುವುದೇ ಕಷ್ಟ. ಕೆಲವು ಮೀನುಗಳ ಬಾಲ ಸವೆದು, ಮೈಮೇಲೆ ಬಿಳಿ ಕಲೆಗಳಾಗಿರುತ್ತವೆ. ಮೊಟ್ಟೆ ಇಟ್ಟ ಮೇಲೆ ಇವು ಸಾಯುತ್ತವೆ. ದಡದಲ್ಲಿ ಸತ್ತ ಮೀನು ಕಂಡರೆ ನೀರು ಕೆಟ್ಟಿದೆ ಅಂದುಕೊಳ್ಳಬೇಡಿ.

ಇಲ್ಲಿನ ಮೂಲ ತಳಿ ಅಟ್ಲಾಂಟಿಕ್ ಸಾಲ್ಮನ್. ಅತಿಯಾದ ಮೀನುಗಾರಿಕೆ, ಗಿರಣಿಗಳ ಕಟ್ಟೆಗಳು, ಕಾಡು ಕಡಿದದ್ದು, ಇವೆಲ್ಲ ಸೇರಿ 19ನೇ ಶತಮಾನದ ಕೊನೆಗೆ ಅದು ಈ ಸರೋವರದಿಂದಲೇ ಕಾಣೆಯಾಯಿತು. ಈಗ ಕಾಣುವ ಚಿನೂಕ್ ಪೆಸಿಫಿಕ್ ಕಡೆಯದು, 1960ರ ದಶಕದಿಂದೀಚೆಗೆ ಜನ ತಂದು ಬಿಟ್ಟದ್ದು.

ನೀರಿಗೆ ಇಳಿಯಬೇಡಿ, ನಾಯಿಯನ್ನೂ ಬಿಡಬೇಡಿ. ಹೆಣ್ಣು ಮೀನು ಬಾಲದಿಂದ ಜಲ್ಲಿ ಕೆದಕಿ ಅದರೊಳಗೆ ಮೊಟ್ಟೆ ಇಟ್ಟಿರುತ್ತದೆ. ನಮ್ಮ ಒಂದು ಹೆಜ್ಜೆಗೆ ಅದು ಹಾಳಾಗುತ್ತದೆ. ಕೈಯಲ್ಲಿ ಮೀನು ಹಿಡಿಯುವುದು ಕಾನೂನಿಗೆ ವಿರುದ್ಧ. ಗಾಳ ಹಾಕಲೂ ಲೈಸೆನ್ಸ್ ಬೇಕು, ಜಾಗ ಮತ್ತು ಕಾಲದ ನಿಯಮಗಳಿವೆ. ಸ್ಕಾರ್‌ಬರೋ ಕಡೆ ಇರುವವರಿಗೆ ಹೈಲ್ಯಾಂಡ್ ಕ್ರೀಕ್, ಮಿಸಿಸಾಗಾದವರಿಗೆ ಕ್ರೆಡಿಟ್ ನದಿ ಹತ್ತಿರ. ಅಲ್ಲೂ ಸಾಲ್ಮನ್ ಬರುತ್ತವೆ.

ಇಷ್ಟು ದೊಡ್ಡ ಊರಿನ ನಡುವೆ ನದಿ ದಂಡೆಗಳು ಮನೆಗಳಿಲ್ಲದೆ ಹಸಿರಾಗಿ ಉಳಿದಿರುವುದಕ್ಕೆ ಒಂದು ನೋವಿನ ಕಥೆ ಇದೆ. 1954ರ ಅಕ್ಟೋಬರ್ 15ರ ರಾತ್ರಿ ಹೇಜಲ್ ಚಂಡಮಾರುತದ ಮಳೆಗೆ ಹಂಬರ್ ಉಕ್ಕಿತು. ಒಂಟಾರಿಯೊದಲ್ಲಿ 81 ಜನ ಸತ್ತರು. ರೇಮೋರ್ ಡ್ರೈವ್ ಅನ್ನುವ ಒಂದೇ ರಸ್ತೆಯಲ್ಲಿ 35 ಜನ ಹೋದರು. ಆಮೇಲೆ ನದಿ ಕಣಿವೆಗಳಲ್ಲಿ ಮನೆ ಕಟ್ಟುವುದನ್ನು ತಡೆದು, ಜಾಗ ಕೊಂಡುಕೊಂಡು ಪಾರ್ಕ್ ಮಾಡಿದರು. ಬೆಂಗಳೂರಿನ ರಾಜಕಾಲುವೆಗಳ ಪಾಡು ನೋಡಿ ಬಂದ ನಮಗೆ ಇದು ಬೇಗ ಅರ್ಥವಾಗುತ್ತದೆ.

ಎಲೆಗಳ ಬಣ್ಣ

ಊರಿನಿಂದ ದೂರ ಉತ್ತರಕ್ಕಿರುವ ಅಲ್ಗಾಂಕ್ವಿನ್ ಪಾರ್ಕಿಗೆ ಹೋಗಲೇಬೇಕು ಅಂತ ಎಲ್ಲರೂ ಹೇಳುತ್ತಾರೆ. ಚೆನ್ನಾಗಿದೆ, ನಿಜ. ಆದರೆ ಅದಕ್ಕೆ ಕಾರು ಬೇಕು, ಮುಂಚೆಯೇ ಪರ್ಮಿಟ್ ಬುಕ್ ಮಾಡಿರಬೇಕು, ವಾರಾಂತ್ಯದಲ್ಲಿ ಟ್ರಾಫಿಕ್ ಬೇರೆ. ಮೊದಲ ವರ್ಷ ಆ ತಾಪತ್ರಯ ಬೇಡ. ಅಲ್ಲಿ ಸೆಪ್ಟೆಂಬರ್ ಕೊನೆಗೇ ಬಣ್ಣ ಏರುತ್ತದೆ. ಟೊರಾಂಟೊದಲ್ಲಿ ಅಕ್ಟೋಬರ್ ಎರಡನೇ ಸೋಮವಾರದ ಥ್ಯಾಂಕ್ಸ್‌ಗಿವಿಂಗ್ ರಜೆ ಕಳೆದ ಮೇಲೆ. ಸ್ಕಾರ್‌ಬರೋ ಅಂಚಿನ ರೂಜ್ ನ್ಯಾಷನಲ್ ಅರ್ಬನ್ ಪಾರ್ಕ್ ಸಾಕಷ್ಟು ದೊಡ್ಡದು, ಸುಮಾರು 79 ಚದರ ಕಿಲೋಮೀಟರ್. ಹೈ ಪಾರ್ಕಿಗಂತೂ ಸಬ್‌ವೇ ಸ್ಟೇಷನ್ನೇ ಇದೆ. ಅಲ್ಲಿನ ಬ್ಲ್ಯಾಕ್ ಓಕ್ ಮರಗಳು ಮೇಪಲ್‌ಗಿಂತ ತಡವಾಗಿ ಬಣ್ಣಕ್ಕೆ ತಿರುಗುತ್ತವೆ. ಅಕ್ಟೋಬರ್ ಪೂರ್ತಿ ಹಬ್ಬದ ಓಡಾಟದಲ್ಲಿ ಕಳೆದರೂ ಅವು ಕಾಯುತ್ತಿರುತ್ತವೆ.

ಉಣುಗಿನ ಬಗ್ಗೆ ಎಚ್ಚರ ಇರಲಿ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿನ ಉಣುಗು ತರುವುದು ಲೈಮ್ ಕಾಯಿಲೆ, ರೂಜ್ ಕಣಿವೆಯಲ್ಲಿ ಈ ಉಣುಗುಗಳಿವೆ. ಚಳಿ ಶುರುವಾದರೂ ಅವು ಓಡಾಡುತ್ತಿರುತ್ತವೆ. ಉದ್ದ ಪ್ಯಾಂಟ್ ಹಾಕಿ ತುದಿಯನ್ನು ಸಾಕ್ಸ್ ಒಳಗೆ ಸೇರಿಸಿ, ದಾರಿ ಬಿಟ್ಟು ಪೊದೆಗೆ ನುಗ್ಗಬೇಡಿ. ಮನೆಗೆ ಬಂದ ಮೇಲೆ ಮಕ್ಕಳ ಮಂಡಿ ಹಿಂದೆ, ಕಂಕುಳು, ಕೂದಲ ಬುಡ ನೋಡಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ, ಆಮೇಲೆ ಡಾಕ್ಟರನ್ನೋ ಫಾರ್ಮಸಿಯವರನ್ನೋ ಕೇಳಿ.

ಕಾಂಡೊದಲ್ಲಿ (ಅಪಾರ್ಟ್‌ಮೆಂಟಿನಲ್ಲಿ) ಇರುವವರಿಗೆ

ಈ ತಿಂಗಳುಗಳಲ್ಲಿ ಹಕ್ಕಿಗಳು ದಕ್ಷಿಣಕ್ಕೆ ವಲಸೆ ಹೋಗುತ್ತವೆ. ಪುಟ್ಟ ಹಕ್ಕಿಗಳು ಹಾರುವುದು ಹೆಚ್ಚಾಗಿ ರಾತ್ರಿ. ಎತ್ತರದ ಕಟ್ಟಡಗಳ ಬೆಳಕು ಅವುಗಳ ದಾರಿ ತಪ್ಪಿಸುತ್ತದೆ. ಬೆಳಗಾದ ಮೇಲೆ ಗಾಜಿನಲ್ಲಿ ಕಾಣುವ ಮರವನ್ನು ನಿಜ ಅಂದುಕೊಂಡು ಬಂದು ಬಡಿಯುತ್ತವೆ. ಫ್ಲ್ಯಾಪ್ ಅನ್ನುವ ಸಂಸ್ಥೆಯ ಸ್ವಯಂಸೇವಕರು 1993ರಿಂದ ಈ ಊರಲ್ಲಿ ಬೆಳಗಿನ ಜಾವ ಎದ್ದು, ಗಾಯಗೊಂಡ ಹಕ್ಕಿಗಳನ್ನು ಎತ್ತಿಕೊಳ್ಳುತ್ತಾ ಬಂದಿದ್ದಾರೆ. ನೀವು ಮಾಡಬೇಕಾದದ್ದು ಇಷ್ಟೆ: ರಾತ್ರಿ ಬೇಡದ ದೀಪ ಆರಿಸಿ, ಬ್ಲೈಂಡ್ಸ್ ಇಳಿಸಿ. ಬಾಲ್ಕನಿಯಲ್ಲಿ ಹಕ್ಕಿ ಬಿದ್ದಿದ್ದರೆ ಕಾಗದದ ಚೀಲಕ್ಕೋ ಪೆಟ್ಟಿಗೆಗೋ ಹಾಕಿ, ಮೇಲ್ಗಡೆ ಮುಚ್ಚಿ, ಕತ್ತಲ ಜಾಗದಲ್ಲಿಡಿ. ಪಾಪ ಅಂತ ನೀರು, ಅಕ್ಕಿ ಕೊಡಬೇಡಿ. ಟೊರಾಂಟೊ ವೈಲ್ಡ್‌ಲೈಫ್ ಸೆಂಟರ್‌ಗೆ ತಿಳಿಸಿ.

ಪಾರ್ಕಿನಲ್ಲಿ ಬಾತುಕೋಳಿ, ಅಳಿಲುಗಳಿಗೆ ತಿನ್ನಲು ಹಾಕುವುದಕ್ಕೂ ಇಲ್ಲಿ ನಿಷೇಧ ಇದೆ. ನಮ್ಮಲ್ಲಿ ಅದು ಪುಣ್ಯದ ಕೆಲಸ, ಗೊತ್ತು. ಅಜ್ಜಿ, ತಾತ ಊರಿನಿಂದ ಬಂದಿದ್ದರೆ ಅವರಿಗೂ ಮೊದಲೇ ಹೇಳಿ.

ಗಣೇಶನ ಹಬ್ಬವೂ ಈ ಸಮಯಕ್ಕೇ ಬರುತ್ತದೆ, ಅಲ್ವಾ? ಮೂರ್ತಿಯನ್ನು ನದಿಗೋ ಸರೋವರಕ್ಕೋ ಬಿಡಬೇಡಿ. ಬಣ್ಣ ಹಚ್ಚದ ಮಣ್ಣಿನ ಗಣಪ ತಂದು ಮನೆಯಲ್ಲೇ ಬಕೆಟ್‌ನಲ್ಲಿ ವಿಸರ್ಜನೆ ಮಾಡಿ. ಕರಗಿದ ಮಣ್ಣು ಹೂಕುಂಡಕ್ಕೆ ಆಗುತ್ತದೆ.

ಎಲೆ, ಕುಂಬಳಕಾಯಿ

ಅಂಗಳ ಇರುವ ಮನೆ ಬಾಡಿಗೆಗೆ ಹಿಡಿದಿದ್ದರೆ ಎಲೆ ಗುಡಿಸುವುದು ಯಾರ ಜವಾಬ್ದಾರಿ ಅಂತ ಮಾಲೀಕರನ್ನು ಈಗಲೇ ಕೇಳಿ. ನಗರಸಭೆಯವರು ಎಲೆಗಳನ್ನು ದೊಡ್ಡ ಕಾಗದದ ಚೀಲದಲ್ಲಿ ತುಂಬಿ ಇಟ್ಟರೆ ಒಯ್ಯುತ್ತಾರೆ, ಪ್ಲಾಸ್ಟಿಕ್ ಚೀಲ ಮುಟ್ಟುವುದಿಲ್ಲ. ಎಲ್ಲವನ್ನೂ ಗುಡಿಸಲೇಬೇಕು ಅಂತೇನಿಲ್ಲ. ಗಿಡಗಳ ಬುಡಕ್ಕೆ ಒಂದಿಷ್ಟು ಎಲೆ ಹರಡಿ, ಚಳಿಗಾಲಕ್ಕೆ ಹುಳುಗಳಿಗೂ ಆಸರೆ.

ಅಕ್ಟೋಬರ್ 31ರ ಹ್ಯಾಲೊವೀನ್ ಹಬ್ಬಕ್ಕೆ ಕೆತ್ತಿದ ಕುಂಬಳಕಾಯಿಯನ್ನು ಮಾರನೇ ದಿನ ಕಸಕ್ಕೆ ಹಾಕಬೇಡಿ. ನವೆಂಬರ್ 1ರ ಸಂಜೆ ಎಷ್ಟೋ ಪಾರ್ಕ್‌ಗಳಲ್ಲಿ ಪಂಪ್ಕಿನ್ ಪರೇಡ್ ನಡೆಯುತ್ತದೆ. 2004ರಲ್ಲಿ ಸೊರೊರೆನ್ ಪಾರ್ಕಿನಲ್ಲಿ ಶುರುವಾದದ್ದು. ನೆರೆಹೊರೆಯವರೆಲ್ಲ ತಮ್ಮ ಕುಂಬಳಕಾಯಿ ತಂದು ದಾರಿಯುದ್ದಕ್ಕೂ ದೀಪ ಹಚ್ಚಿಟ್ಟು ಹೋಗುತ್ತಾರೆ. ಆಮೇಲೆ ಅವು ಗೊಬ್ಬರಕ್ಕೆ ಹೋಗುತ್ತವೆ. ಅಕ್ಕಪಕ್ಕದವರ ಪರಿಚಯ ಆಗಲು ಇದಕ್ಕಿಂತ ಸುಲಭದ ಸಂಜೆ ಇಲ್ಲ. ಬೆಚ್ಚಗೆ ಜಾಕೆಟ್ ಹಾಕಿಕೊಂಡು ಹೋಗಿ.

ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಸಂಜೆ ಐದಕ್ಕೆಲ್ಲ ಕತ್ತಲು. ಅಲ್ಲಿಂದ ಮುಂದೆ ಕಣಿವೆಯ ನಡಿಗೆಗಳನ್ನು ಬೆಳಗ್ಗೆಯೇ ಇಟ್ಟುಕೊಳ್ಳಿ.